ಹದಿನಾಲ್ಕನೇ ಅಡ್ಡರಸ್ತೆಯ ಬಾಟಲಿ

ಚರಂಡಿಗೆ ಮೂಗು ಇಟ್ಟ ಮೊದಲ ವರ್ಷ ಊರಿನವರೆಲ್ಲ ನಕ್ಕರು. ಎರಡನೇ ವರ್ಷದ ಹೊತ್ತಿಗೆ ಹೆಣ್ಣು ನೋಡಲು ಬರುವವರು ಜಾತಕ ಕೇಳುವ ಮುಂಚೆ, "ನಿಮ್ಮ ಬೀದಿ ಹಸಿರೋ ಕೆಂಪೋ?" ಎಂದು ಕೇಳತೊಡಗಿದ್ದರು.

ಮೂಗು ಎಂದದ್ದು ಜನ. ನಮ್ಮ ಕೇಂದ್ರದ ಕಾಗದಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ಪ್ರತಿ ಮ್ಯಾನ್‌ಹೋಲಿನ ಮುಚ್ಚಳದ ಕೆಳಗೆ ತೆಂಗಿನಕಾಯಿ ಗಾತ್ರದ ಒಂದು ಡಬ್ಬಿ ಇರುತ್ತದೆ. ಹರಿಯುವ ಕೊಳಕು ನೀರನ್ನು ಅದು ಗಂಟೆಗೊಂದು ಚಮಚದಂತೆ ಹೀರಿಟ್ಟುಕೊಳ್ಳುತ್ತದೆ. ನಾವು ನುಂಗಿದ ಯಾವುದೇ ಮದ್ದು ಮೈಯೊಳಗೆ ಮುರಿದು, ಅದರ ಚೂರುಗಳು ಮೂತ್ರದಲ್ಲಿ ಹೊರಬೀಳುತ್ತವೆ. ಪ್ರಯೋಗಾಲಯದ ಯಂತ್ರ ಆ ಚೂರುಗಳನ್ನು ನೋಡಿ ಮೂಲ ಯಾವುದೆಂದು ಹೇಳುತ್ತದೆ. ಯಾವ ಮನೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ, ಯಾವ ಮ್ಯಾನ್‌ಹೋಲ್ ಎಂದು ಮಾತ್ರ ಗೊತ್ತಾಗುತ್ತದೆ. ನಾಲ್ಕೈದು ಮನೆಗೊಂದು ಮ್ಯಾನ್‌ಹೋಲ್ ಇರುವ ಬೀದಿಯಲ್ಲಿ ಮಿಕ್ಕದ್ದನ್ನು ನೆರೆಹೊರೆಯವರೇ ಪತ್ತೆ ಮಾಡಿಕೊಳ್ಳುತ್ತಾರೆ.

ಇದನ್ನೆಲ್ಲ ಮಾಡಿದ್ದು ಯಾರನ್ನೂ ಹಿಡಿಯುವುದಕ್ಕಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ನಾನು ಮಾಡಿದ್ದಕ್ಕೆ ಆ ನೆಪವೂ ಇಲ್ಲ. ಬೊಟ್ಟು ಎಂಬ ಮದ್ದಿನ ಸುಳಿವು ಸಿಕ್ಕರೆ ಎರಡು ಗಂಟೆಯೊಳಗೆ ಆರೋಗ್ಯ ಇಲಾಖೆಯ ಬಿಳಿ ವ್ಯಾನು ಆ ಬೀದಿಗೆ ಹೋಗಬೇಕು. ಧ್ವನಿವರ್ಧಕದಲ್ಲಿ ಎಚ್ಚರಿಸಬೇಕು, ಮನೆಮನೆಗೂ ಹೋಗಿ ಮಾತಾಡಿಸಬೇಕು, ಬೇಕಾದವರಿಗೆ ಸ್ಥಳದಲ್ಲೇ ಚಿಕಿತ್ಸೆ ಶುರುಮಾಡಬೇಕು. ಪೊಲೀಸರು ಬರುವುದಿಲ್ಲ. ಬೀದಿಯ ಬಾಯಲ್ಲಿರುವ ಹಸಿರು ಫಲಕ ಒಂದು ತಿಂಗಳು ಕೆಂಪಾಗುತ್ತದೆ, ಅಷ್ಟೆ. ಆ 'ಅಷ್ಟೆ'ಗೆ ಹೆದರಿ ಜನ ಚರಂಡಿಗೆ ಫಿನಾಯಿಲ್ ಸುರಿದರು. ಅನುಮಾನದ ಗಂಡುಮಕ್ಕಳನ್ನು ನೆಂಟರ ಮನೆಗೆ ಸಾಗಹಾಕಿದರು.

ಬೊಟ್ಟು ಎಂದರೆ ಕಾನೂನು ನಿಷೇಧಿಸಿದ, ಇಲ್ಲದ್ದನ್ನು ಕಾಣಿಸುವ ಮದ್ದು. ಹೆಂಗಸರು ಹಣೆಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್ ಬೊಟ್ಟಿನ ಪಟ್ಟಿಯ ರೂಪದಲ್ಲೇ ಬರುತ್ತಿತ್ತು. ಯಾರ ಚೀಲದಲ್ಲಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ಮಾಡುವ ಕೆಲಸವನ್ನು ಹೊಸದಾಗಿ ಸೇರುವವರಿಗೆ ನಾನೇ ಹೀಗೆ ವಿವರಿಸುತ್ತಿದ್ದೆ: ನಾವು ಕಾಣುವುದನ್ನೆಲ್ಲ ಕಣ್ಣೇ ಕಾಣುವುದಿಲ್ಲ. ಎದುರಿಗೆ ಏನಿರಬೇಕೆಂದು ಮಿದುಳು ಮೊದಲೇ ಊಹಿಸಿರುತ್ತದೆ, ಕಣ್ಣು ಅದನ್ನು ತಿದ್ದುತ್ತದೆ. ಬೊಟ್ಟು ಆ ತಿದ್ದುವವನನ್ನು ಕೆಲವು ಗಂಟೆ ಮಲಗಿಸುತ್ತದೆ. ಆಗ ಮನಸ್ಸು ಯಾರಿಗಾಗಿ ಕಾಯುತ್ತಿದೆಯೋ ಅವರು ಬಂದು ಎದುರಿಗೆ ಕೂರುತ್ತಾರೆ. ಆ ವರ್ಷದ ಮಾಘದಲ್ಲಿ ಬೊಟ್ಟಿಗೆ ಇನ್ನೇನೋ ಬೆರೆಸತೊಡಗಿದ್ದರು. ಬೆರಕೆಯ ಬೊಟ್ಟಿನಲ್ಲಿ ಜ್ವರ ಏರುತ್ತಿತ್ತು, ಎದೆಬಡಿತ ತಪ್ಪುತ್ತಿತ್ತು. ಬದುಕಿ ಉಳಿದವರಲ್ಲೂ ತಿದ್ದುವವನು ಏಳುತ್ತಿರಲಿಲ್ಲ. ಐದು ದಿನದೊಳಗೆ ಚಿಕಿತ್ಸೆ ಸಿಕ್ಕರೆ ಏಳುತ್ತಾನೆ. ಆಮೇಲೆ ಖಾತ್ರಿಯಿಲ್ಲ.

ಇಷ್ಟೂ ಗೊತ್ತಿದ್ದವಳು ನಾನು. ಹೆಸರು ಇಂಚರ. ಆ ಪ್ರಯೋಗಾಲಯದ ಹಿರಿಯ ವಿಶ್ಲೇಷಕಿ.

ಬಾಟಲಿಗಳನ್ನು ತರುತ್ತಿದ್ದವನು ಮಂಟಸ್ವಾಮಿ. ಐವತ್ತು ದಾಟಿದವನು. ಬೆಳಿಗ್ಗೆ ಒಂಬತ್ತಕ್ಕೆ ತಳ್ಳುಗಾಡಿಯ ಗಾಲಿ ಕಿರುಗುಟ್ಟಿಸುತ್ತ ಬಂದು, "ಊರ್ ಪಂಚಾಂಗ ಬಂತು ತಗಳಿ ಮೇಡಮ್ಮ" ಎನ್ನುತ್ತಿದ್ದ. ಪ್ರತಿ ಮ್ಯಾನ್‌ಹೋಲಿಗೆ ವಾರಕ್ಕೊಮ್ಮೆ ಸರದಿ, ಸರದಿಗೆ ಎರಡು ಬಾಟಲಿ. ಒಂದು ಪರೀಕ್ಷೆಗೆ, ಅದರ ಜೋಡಿ ಆರು ತಿಂಗಳು ಶೀತಲಕೋಣೆಗೆ. ಒಂದು ಮಳೆಗಾಲದಲ್ಲಿ ಅಂಟುಚೀಟಿಗಳೆಲ್ಲ ಕಿತ್ತು ತೇಲಿದ ಮೇಲೆ ಅವನು ಯಾರೂ ಹೇಳದೆಯೇ ಬಾಟಲಿಯ ಕತ್ತಿಗೆ ಬಣ್ಣದ ದಾರ ಕಟ್ಟತೊಡಗಿದ್ದ. ಒಂದೊಂದು ಬೀದಿಗೆ ಒಂದೊಂದು ಬಣ್ಣ. ನಮ್ಮ ಹದಿನಾಲ್ಕನೇ ಅಡ್ಡರಸ್ತೆಗೆ ಕೆಂಪು, ಮಾರುಕಟ್ಟೆಯ ಆಚೆ ಹೆಣ್ಣುಮಕ್ಕಳ ಹಾಸ್ಟೆಲ್ ಇರುವ ಗಲ್ಲಿಗೆ ಹಳದಿ. ದಾರದ ವಿಷಯ ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ನಾವೆಲ್ಲ ಅದನ್ನೇ ನಂಬುತ್ತಿದ್ದೆವು.

ಆ ಮಂಗಳವಾರ ಹನ್ನೊಂದೂವರೆಗೆ ಪರದೆಯ ಮೇಲೆ ಒಂದು ಗೆರೆ ಎದ್ದು ನಿಂತಿತು. ಪಕ್ಕದಲ್ಲೇ ಗಿಡ್ಡದಾದ ಇನ್ನೊಂದು. ಬೊಟ್ಟು, ಮತ್ತು ಬೆರಕೆ. ಹದಿನಾಲ್ಕನೇ ಅಡ್ಡರಸ್ತೆ, ಮ್ಯಾನ್‌ಹೋಲ್ ಆರು.

ಆ ಮ್ಯಾನ್‌ಹೋಲಿಗೆ ಸೇರುವುದು ನಾಲ್ಕು ಮನೆ. ಒಂದಕ್ಕೆ ಬೀಗ ಹಾಕಿ ವರ್ಷವಾಗಿತ್ತು. ಇನ್ನೊಂದರವರು ಕಾಶಿಗೆ ಹೋಗಿದ್ದರು. ಮೂರನೆಯದು ಶಿವರುದ್ರ ಮೇಷ್ಟ್ರದು. ನಾಲ್ಕನೆಯದು ನಮ್ಮದು, ನಾನೂ ನನ್ನಕ್ಕ ಭೂಮಿಕಳೂ ಇರುವ ಮನೆ.

ನನಗೆ ಆಶ್ಚರ್ಯವಾಗಲಿಲ್ಲ. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೂ ನಿಜ. ಅಮ್ಮ ಹೋಗಿ ಒಂದೂವರೆ ವರ್ಷವಾಗಿತ್ತು. ತಿಂಗಳಿಂದ ಅಕ್ಕ ದಿನಾ ಬಿಡಿಮಲ್ಲಿಗೆ ತರುತ್ತಿದ್ದಳು. ಅವಳಿಗೆ ಹೂ ಕಟ್ಟಲು ಬರುವುದಿಲ್ಲ. ಅಮ್ಮ ಆ ವಿದ್ಯೆ ಕಲಿಸಿದ್ದು ನನಗೆ. ಹೂವೆಲ್ಲ ಅಮ್ಮನ ಮಂಚದ ಮೇಲೆ ಹಾಗೇ ಬಾಡಿರುತ್ತಿತ್ತು. ಸೋಮವಾರ ಅವಳ ಚೀಲದಲ್ಲಿ ಬೊಟ್ಟಿನ ಪಟ್ಟಿಯ ಅಂಚು ಕಂಡಿತ್ತು. ಅಂಟಿಗೆ ಚರ್ಮ ಕೆರೆಯುತ್ತದೆಂದು ಹುಟ್ಟಿದಾಗಿನಿಂದ ಕುಂಕುಮವನ್ನೇ ಇಡುವ ಅಕ್ಕ! ನಾನು ಚೀಲದ ಜಿಪ್ಪು ಎಳೆದು ಸುಮ್ಮನಾಗಿದ್ದೆ.

ಈಗ ವ್ಯಾನು ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ. ಮದುವೆ ಮುರಿದುಕೊಂಡು ಎರಡು ಸೂಟ್‌ಕೇಸ್ ಹಿಡಿದು ಅದೇ ಗೇಟಿನಲ್ಲಿ ಆಟೋ ಇಳಿದಿದ್ದೆ. ಆ ದಿನ ಎಷ್ಟು ಕಿಟಕಿಗಳ ಪರದೆ ಅಲುಗಿದ್ದವೆಂದು ನನಗೆ ಈಗಲೂ ಲೆಕ್ಕವಿದೆ. ಮತ್ತೊಮ್ಮೆ ಆಗದು ಎನಿಸಿತು. ಅಕ್ಕನನ್ನು ಕಾಪಾಡುತ್ತಿದ್ದೇನೆ ಎಂದು ಅಂದುಕೊಂಡೆನೇ? ಇಲ್ಲ. ಆಮೇಲೆ ಅಂದುಕೊಂಡೆ. ಆಗ ಕಂಡದ್ದು ಪರದೆಗಳು ಮಾತ್ರ.

ಯಂತ್ರದ ಮೇಲೆ ಅನುಮಾನ ಬಂದರೆ ಒಮ್ಮೆ ಮರುಪರೀಕ್ಷೆಗೆ ಅವಕಾಶವಿದೆ. ಬರೆದೆ: ಯಂತ್ರ ಅನುಮಾನಾಸ್ಪದ. ಊಟದ ಹೊತ್ತಿನಲ್ಲಿ ನಮ್ಮ ಬೀದಿಯ ಎರಡು ಬಾಟಲಿ, ಹಾಸ್ಟೆಲ್ ಗಲ್ಲಿಯ ಎರಡು ಬಾಟಲಿ ತೆಗೆದುಕೊಂಡೆ. ಚೀಟಿಗಳನ್ನು ಹಬೆಗೆ ಹಿಡಿದು ಬಿಡಿಸಿ ಅದಲುಬದಲು ಅಂಟಿಸಿದೆ. ದಾರ ಬಿಚ್ಚಿ ಕೆಂಪಿನ ಜಾಗಕ್ಕೆ ಹಳದಿ, ಹಳದಿಯ ಜಾಗಕ್ಕೆ ಕೆಂಪು ಕಟ್ಟಿದೆ. ಬೆರಳು ತಮ್ಮ ಪಾಡಿಗೆ ಕಟ್ಟಿದವು. ಹಾಸ್ಟೆಲಿನಲ್ಲಿ ಅರವತ್ತು ಹುಡುಗಿಯರಿದ್ದಾರೆ, ವ್ಯಾನು ಹೋಗುತ್ತದೆ, ಏನೂ ಸಿಗುವುದಿಲ್ಲ, ಮರಳುತ್ತದೆ, ಯಾರಿಗೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿದೆ. ಎರಡು ಗಂಟೆಗೆ ಬಿಳಿ ವ್ಯಾನು ನಮ್ಮ ಅಂಗಳದಿಂದ ಹೊರಟು ಮಾರುಕಟ್ಟೆಯ ಕಡೆ ತಿರುಗಿದ್ದನ್ನು ಕಿಟಕಿಯಿಂದ ನೋಡಿದೆ.

ತಲೆನೋವೆಂದು ರಜೆ ಹಾಕಿ ಮೂರಕ್ಕೆಲ್ಲ ಮನೆ ಸೇರಿದೆ. ಶಿವರುದ್ರ ಮೇಷ್ಟ್ರು ಕಾಂಪೌಂಡಿನ ಆಚೆ ತುಳಸಿಗೆ ನೀರು ಹಾಕುತ್ತಿದ್ದರು.

"ಏನಮ್ಮ ಇಂಚರ, ಇಷ್ಟು ಬೇಗ? ನಾನು ನಿನ್ನೆ ಕದ್ದು ಎರಡು ಜಿಲೇಬಿ ತಿಂದೆ ನೋಡು, ಅದೂ ನಿನ್ನ ಮಷೀನಿಗೆ ಗೊತ್ತಾಗಿಬಿಡ್ತೋ?"

"ಸಕ್ಕರೆ ಕಾಯಿಲೆಯವರು ತಿಂದ್ರೆ ಗೊತ್ತಾಗತ್ತೆ ಮೇಷ್ಟ್ರೇ."

"ಹಾಗಾದ್ರೆ ನಮ್ಮ ಬೀದಿಯ ಮಾನ ನಿನ್ನ ಕೈಲಿದೆ. ಇವತ್ತು ಮಾತ್ರ ಬಿಟ್ಟುಬಿಡು. ಗಿರಿಜೆಯ ತಿಥಿ. ವಡೆ, ಕಡುಬು, ಎಲ್ಲಾ ಆಗಿದೆ."

ಹೆಂಡತಿಯ ತಿಥಿಯ ದಿನವೂ ಅವರು ನಕ್ಕರು. ನಾನೂ ನಕ್ಕೆ. ಅದಾದ ಮೇಲೆ ಅವರು ನನ್ನನ್ನು ನೋಡಿ ನಗಲಿಲ್ಲ.

ಅಕ್ಕ ಅಮ್ಮನ ಕೋಣೆಯಲ್ಲಿದ್ದಳು. ನಾನು ಏನನ್ನೂ ಕೇಳದೆ ಅವಳ ಚೀಲವನ್ನು ಮಂಚದ ಮೇಲೆ ಸುರಿದೆ. ಪಟ್ಟಿಯಲ್ಲಿ ಹನ್ನೆರಡು ಬೊಟ್ಟಿನ ಜಾಗ, ಐದು ಖಾಲಿ.

"ಕೊಡು ಇಲ್ಲಿ," ಎಂದಳು. ಮೆಲ್ಲಗೆ ಹೇಳಿದಳು.

"ಏನಕ್ಕ ಇದು? ನಾನು ಯಾವ ಕೆಲಸದಲ್ಲಿದೀನಿ ಅಂತ ಗೊತ್ತಿದ್ದೂ?"

"ನಿನ್ನ ಕೆಲಸಕ್ಕೂ ಇದಕ್ಕೂ ಏನೇ? ಹೂವಿನ ಅಂಗಡಿಯೋಳು ಕೊಟ್ಟಳು. ಅವಳ ಮಗ ತೀರಿಹೋಗಿದ್ನಲ್ಲ, ಅವಳಿಗೂ…" ಅಕ್ಕ ಮಂಚದ ತುದಿಯನ್ನು ಕೈಯಿಂದ ಸವರಿದಳು. "ನೀನು ಇಲ್ಲಿರಲಿಲ್ಲ. ಎಂಟು ವರ್ಷ ಅಮ್ಮನ ಉಚ್ಚೆಬಟ್ಟೆ ಒಗೆದಿದ್ದು ನಾನು. ಎಂಟು ವರ್ಷವೂ ಅವಳು ಮರೆವಿನಲ್ಲಿ ನನ್ನನ್ನ ಏ ಕೆಲಸದೋಳೆ ಅಂದ್ಲು. ನೀನು ಹಬ್ಬಕ್ಕೆ ಬಂದ್ರೆ ಮಾತ್ರ ಇಂಚರಾ ಅಂತ ಮುಖ ಅರಳಿಸೋಳು. ಈಗ ಇಲ್ಲಿ ಕೂತು ಹೂ ಕಟ್ತಾ, ಭೂಮಿ ದಾರ ಕೊಡೇ ಅಂತಾಳೆ ಕಣೇ. ನನ್ನ ಹೆಸರು ಹಿಡಿದು."

ಆಗ ನಾನು ಕೇಳಬೇಕಾದ ಪ್ರಶ್ನೆ ಒಂದಿತ್ತು. ವ್ಯಾನಿನವರು ಪ್ರತಿ ಮನೆಯಲ್ಲೂ ಮೊದಲು ಕೇಳುವ ಪ್ರಶ್ನೆ, ನಾನೇ ಬರೆದುಕೊಟ್ಟ ಪಟ್ಟಿಯಲ್ಲಿ ಮೊದಲನೆಯದು: ಬೇರೆ ಯಾರು ತೆಗೆದುಕೊಂಡಿದ್ದಾರೆ?

ನಾನು ಕೇಳಿದ್ದು, "ಯಾರಿಗಾದರೂ ಗೊತ್ತಾ?"

"ಯಾರಿಗೂ ಹೇಳೋದಿಲ್ಲ ಬಿಡು," ಎಂದಳು ಅಕ್ಕ.

ಉಳಿದ ಏಳು ಬೊಟ್ಟುಗಳನ್ನು ಕಕ್ಕಸಿಗೆ ಹಾಕಿ ನೀರು ಬಿಡುವ ಹಾಗಿರಲಿಲ್ಲ, ಮೂಗಿದೆ. ಟಿಫಿನ್ ಡಬ್ಬಿಯ ತಳದ ಖಾನೆಯಲ್ಲಿಟ್ಟುಕೊಂಡೆ. ಬೆಳಿಗ್ಗೆ ಪ್ರಯೋಗಾಲಯದ ಆಮ್ಲದ ತೊಟ್ಟಿಗೆ ಹಾಕಬೇಕೆಂದು ಯೋಜಿಸಿದೆ. ಜಾಗ್ರತೆಯ ವಿಷಯದಲ್ಲಿ ನನ್ನಲ್ಲಿ ಕೊರತೆಯಿರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಾದರೂ ಮೇಷ್ಟ್ರ ಗೇಟಿನಲ್ಲಿ ಹಾಲಿನ ಪ್ಯಾಕೆಟ್ ಬಿದ್ದೇ ಇತ್ತು. ಅದನ್ನು ಕಂಡ ಅಕ್ಕ ಕಾಫಿ ಲೋಟ ಕೆಳಗಿಟ್ಟು ಓಡಿದಳು. ಅವಳು ಯಾಕೆ ಹಾಗೆ ಓಡಿದಳೆಂದು ತಿಳಿಯದೆ ನಾನೂ ಹಿಂದೆ ಹೋದೆ. ಮೇಷ್ಟ್ರು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಮೈ ಕೆಂಡದ ಹಾಗಿತ್ತು. ತುಟಿ ಒಡೆದಿತ್ತು. ನಮ್ಮನ್ನು ನೋಡಲಿಲ್ಲ. ಮೆಟ್ಟಿಲ ಒಂದು ತುದಿಗೆ ಸರಿದು ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟುಕೊಂಡಿದ್ದರು. "ಕೂತ್ಕೋ ಗಿರಿಜಾ, ಎಷ್ಟೊತ್ತು ನಿಂತೇ ಇರ್ತೀಯ," ಎನ್ನುತ್ತಿದ್ದರು.

ಆಸ್ಪತ್ರೆಯ ಜಗಲಿಯಲ್ಲಿ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

"ನಾನೇ ಕೊಟ್ಟಿದ್ದು. ಭಾನುವಾರ. ಒಂದೇ ಒಂದು. ತಿಥಿ ದಿನ ಒಂದ್ಸಲ ಅವಳನ್ನ ನೋಡ್ಬೇಕಮ್ಮ ಅಂದ್ರು. ಇಟ್ಕೊಂಡಿದ್ರು. ನಿನ್ನೆ ಸಾಯಂಕಾಲ ಎಲ್ಲರೂ ಹೋದ ಮೇಲೆ ತಗೊಂಡಿದಾರೆ."

"ನಿನ್ನೆ ಮಧ್ಯಾಹ್ನ ನಾನು ಅಷ್ಟು ಕೇಳಿದ್ನಲ್ಲ! ಯಾಕೆ ಹೇಳ್ಲಿಲ್ಲ ನೀನು?"

ಅಕ್ಕ ತಲೆಯೆತ್ತಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ಯಾರಿಗೆ ಕೊಟ್ಟೆ ಅಂತ ನೀನು ಕೇಳ್ಲಿಲ್ವಲ್ಲೇ."

ಮಂಗಳವಾರ ಮಧ್ಯಾಹ್ನ ಎರಡಕ್ಕೆ ವ್ಯಾನು ನಮ್ಮ ಬೀದಿಗೆ ಬಂದಿದ್ದರೆ ಮೇಷ್ಟ್ರ ಬಾಗಿಲನ್ನೂ ತಟ್ಟುತ್ತಿತ್ತು. ಬೆರಕೆಯ ವಿಷಯ ಹೇಳುತ್ತಿತ್ತು. ಜೇಬಿನಲ್ಲಿದ್ದ ಒಂದು ಬೊಟ್ಟನ್ನು ಅವರು ನಾಚಿಕೊಂಡು ಒಪ್ಪಿಸುತ್ತಿದ್ದರೋ, ಗುಟ್ಟಾಗಿ ಎಸೆಯುತ್ತಿದ್ದರೋ. ತೆಗೆದುಕೊಳ್ಳುತ್ತಿರಲಿಲ್ಲ. ಮಧ್ಯೆ ಸಮಯವಿತ್ತು. ಅದನ್ನು ನಾನು ಚೀಟಿ ಅಂಟಿಸುವುದರಲ್ಲಿ ಕಳೆದೆ.

ಅವರ ಜೀವಕ್ಕೆ ಅಪಾಯವಿಲ್ಲ, ಚಿಕಿತ್ಸೆ ಶುರುವಾಗಿದೆ, ದೃಷ್ಟಿಯ ಮಾತು ಮಾತ್ರ ಈಗಲೇ ಹೇಳಲಾಗದು ಎಂದರು ವೈದ್ಯರು. ಅಷ್ಟೊತ್ತಿಗೆ ನನಗೆ ಇನ್ನೊಂದು ಹೆದರಿಕೆ ಶುರುವಾಗಿತ್ತು. ಅಕ್ಕ ಸೋಮವಾರ ತೆಗೆದುಕೊಂಡದ್ದೂ ಅದೇ ಪಟ್ಟಿಯದು. ಅವಳಿಗೆ ಜ್ವರ ಬಂದಿರಲಿಲ್ಲ. ಆದರೆ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲಾದ ಮೇಲೂ ಕಾಲನ್ನು ಇನ್ನೊಂದು ಮೆಟ್ಟಿಲಿಗೆ ಚಾಚಿದಳು. ಗುರುವಾರ ಬೆಳಿಗ್ಗೆ, "ಆ ಬೆಕ್ಕು ಕಿಟಕೀಲಿದೆಯಾ?" ಎಂದು ಕೇಳಿದಳು. ಕಿಟಕಿಯಲ್ಲಿ ಏನೂ ಇರಲಿಲ್ಲ. ಇಲ್ಲ ಎಂದರೆ ಹೆದರುತ್ತಾಳೆಂದು, "ಇದೆ," ಎಂದೆ. ಅದೂ ಒಂದು ತಪ್ಪು. ಐದು ದಿನದಲ್ಲಿ ಮೂರು ಮುಗಿದಿದ್ದವು. ಜ್ವರ ಬಂದು ಆಸ್ಪತ್ರೆ ಸೇರದವರಿಗೆ ಆ ಚಿಕಿತ್ಸೆ ಸಿಗುವುದು ಆರೋಗ್ಯ ಇಲಾಖೆಯಿಂದ ಮಾತ್ರ. ಅವರು ಯಾವ ಬೀದಿ, ಯಾವ ಪಟ್ಟಿ ಎಂದು ಕೇಳುತ್ತಾರೆ. ನಮ್ಮ ಬೀದಿಯ ಬಾಟಲಿ ಮಂಗಳವಾರ ಶುದ್ಧವಾಗಿತ್ತೆಂದು ನನ್ನ ಸಹಿಯಿದೆ. ಇನ್ನೊಂದು ದಿನ ನೋಡೋಣ ಎಂದುಕೊಂಡೆ. ಇದನ್ನೂ ಬರೆಯಬೇಕು: ಗುರುವಾರವೂ ನಾನು ಹಾಗೆಯೇ ಅಂದುಕೊಂಡೆ.

ಶುಕ್ರವಾರ ನಿರ್ದೇಶಕರು ಸಭೆ ಕರೆದರು. ಹದಿನಾಲ್ಕನೇ ಅಡ್ಡರಸ್ತೆಯ ಮನುಷ್ಯ ಬೆರಕೆ ಬೊಟ್ಟಿನಿಂದ ಆಸ್ಪತ್ರೆಯಲ್ಲಿದ್ದಾನೆ. ಬೊಟ್ಟು ಆ ಬೀದಿಗೆ ಮೊದಲೇ ಬಂದಿದ್ದರೆ ನಮ್ಮ ಮೂಗಿಗೆ ಯಾಕೆ ಸಿಗಲಿಲ್ಲ? ಜೋಡಿ ಬಾಟಲಿ ತೆಗೆದು ಇವತ್ತೇ ನೋಡಿ ಎಂದು ನನಗೇ ಹೇಳಿದರು. ನಾನು ತಲೆಯಾಡಿಸಿದೆ. ಜೋಡಿಯಲ್ಲೂ ಏನೂ ಸಿಗದೆಂದು ನನಗೆ ಗೊತ್ತಿತ್ತು.

ಮಂಟಸ್ವಾಮಿ ಶೀತಲಕೋಣೆಯಿಂದ ಎರಡು ಬಾಟಲಿ ತಂದ. ಕೆಂಪು ದಾರದ್ದೊಂದು, ಹಳದಿ ದಾರದ್ದೊಂದು. ನಾನು ಕೇಳಿದ್ದು ಒಂದನ್ನೇ. ಎರಡನ್ನೂ ನನ್ನ ಮೇಜಿನ ಮೇಲಿಟ್ಟು, ಬಾಗಿಲು ಮುಂದೆ ಮಾಡಿ, ನಿಂತುಕೊಂಡ.

"ಯಾಕಪ್ಪ ಎರಡು?"

"ಇದು ನಾನ್ ಹಾಕಿದ್ ಗಂಟಲ್ಲ ಮೇಡಮ್ಮ."

ನಾನು ನೋಡಿದೆ. ದಾರ ಎರಡು ಸುತ್ತು ಸುತ್ತಿ, ಅಡ್ಡ ಮಡಚಿ, ಕೊರಳಿಗೆ ಬಿಗಿದು ಕೂತಿತ್ತು. ಒಂದು ಮಲ್ಲಿಗೆ ಸಿಕ್ಕಿಸಿದ್ದರೆ ಮಾಲೆಯ ಮೊದಲ ಹೂವಾಗುತ್ತಿತ್ತು.

"ನಾನ್ ಹಾಕೋದು ನಮ್ಮಪ್ಪನ್ ಗಂಟು," ಎಂದ. "ಮೋರಿ ಗುಂಡಿಗಿಳಿಯೋವಾಗ ಸೊಂಟಕ್ ಹಗ್ಗ ಕಟ್ಕತಿದ್ದ. ಎಷ್ಟ್ ಎಳುದ್ರೂ ಬಿಚ್ಕಳಾಕಿಲ್ಲ, ಹೊಟ್ಟೆ ಬಿಗಿಯಾಕೂ ಇಲ್ಲ. ಇದು ಹೂ ಕಟ್ಟೋರ್ ಗಂಟು. ಈ ಆಫೀಸ್ನಲ್ಲಿ ಹೂ ಕಟ್ಟಾಕ್ ಬರೋದು ನಿಮ್ಗೊಬ್ರುಗೇಯ. ಆಯುಧಪೂಜೆಗೆ ಮಷೀನ್ಗೆಲ್ಲ ನೀವೇ ಅಲ್ವಾ ಕಟ್ಟಿದ್ದು?"

ನಾನು ಗಂಟಿನ ತುದಿಯನ್ನು ಬೆರಳಿನಿಂದ ಮುಟ್ಟಿದೆ.

"ಹಾಸ್ಟೆಲ್ನೋರು ಹುಡ್ಗೀರ್ ಪೆಟ್ಗೆನೆಲ್ಲಾ ಬೀದಿಗ್ ತಂದು ಕೆಡವುದ್ರಂತೆ," ಎಂದು ನೆಲ ನೋಡುತ್ತ ಮುಂದುವರಿಸಿದ. "ಇಬ್ರುನ್ನ ಊರ್ಗೇ ಕಳ್ಸ್‌ಬುಟ್ರಂತೆ. ಒಂದ್ ಮಗೀಗೆ ನಾಳಿದ್ದು ಪರೀಕ್ಷೆ."

"ಮಂಟಸ್ವಾಮಿ, ನಮ್ಮಕ್ಕ…"

"ಹೇಳ್ಬ್ಯಾಡಿ ನಂಗೆ," ಎಂದು ಕೈಯೆತ್ತಿದ. "ನಮ್ಮಪ್ಪನ್ನ ನಿಮ್ ಬೀದಿಯೋರು ಗೇಟ್ ಒಳಕ್ ಬಿಡ್ತಿರ್ನಿಲ್ಲ. ನೀರ್ ಕೇಳುದ್ರೆ ಮೇಲಿಂದ ಸುರಿಯೋರು. ಯಾರ್ ಮನೇಲಿ ಏನ್ ನಡೀತದೆ ಅಂತ ಅವ್ನ್ಗೆ ಗುಂಡೀಲೇ ಗೊತ್ತಾಗೋದು. ಸಾಯೋಗಂಟ ಒಂದ್ ಮನೆ ಹೆಸ್ರು ಬಾಯ್ ಬಿಡ್ನಿಲ್ಲ. ಹಂಗಂತ ಇವ್ರ್ ಮನೇದು ಅವ್ರ್ ಮನೇದು ಅಂತ ತಿರುಗ್ಸಿ ಹೇಳ್ನೂ ಇಲ್ಲ. ನಾನೂ ಸಾಹೇಬ್ರಿಗೆ ಹೇಳಾಕಿಲ್ಲ. ನೀವ್ ಓದ್ದೋರು. ನೀವೇ ಹೇಳಿ."

ಅವನು ಹೋದ ಮೇಲೆ ತಳ್ಳುಗಾಡಿಯ ಗಾಲಿಯ ಸದ್ದು ಉದ್ದ ಮೊಗಸಾಲೆಯಲ್ಲಿ ದೂರವಾಗುವವರೆಗೂ ನಾನು ಗಂಟನ್ನೇ ನೋಡುತ್ತಿದ್ದೆ. ಅಮ್ಮನ ಮಂಚದ ಮೇಲೆ ಅಕ್ಕ ಕಾಣುತ್ತಿದ್ದ ಕೈ ಇದೇ ಗಂಟನ್ನು ಹಾಕುತ್ತಿತ್ತು. ಆ ಗಂಟು ಅಕ್ಕನಿಗೆ ಬರಲಿಲ್ಲ. ಬಂದ ನಾನು ಅದನ್ನು ಎಲ್ಲಿ ಕಟ್ಟಿದೆ!

ಎರಡು ಬಾಟಲಿಯನ್ನೂ ಯಂತ್ರಕ್ಕೆ ಕೊಟ್ಟೆ. ಹಳದಿ ದಾರದ್ದರಲ್ಲಿ ಗೆರೆ ಎದ್ದಿತು, ಪಕ್ಕದಲ್ಲಿ ಗಿಡ್ಡದು. ವರದಿಯಲ್ಲಿ ಬರೆದೆ: ಈ ಬಾಟಲಿ ಹದಿನಾಲ್ಕನೇ ಅಡ್ಡರಸ್ತೆಯದು. ಮಂಗಳವಾರ ಚೀಟಿ ಬದಲಿಸಿದವಳು ನಾನು. 'ಬದಲಾಯಿತು' ಎಂದು ಮೊದಲು ಬರೆದು, ಅದನ್ನು ಹೊಡೆದುಹಾಕಿ, 'ಬದಲಿಸಿದವಳು' ಎಂದು ಬರೆದೆ. ಹಾಸ್ಟೆಲಿನ ಫಲಕವನ್ನು ಈಗಲೇ ಹಸಿರು ಮಾಡಬೇಕು, ಆ ಇಬ್ಬರು ಹುಡುಗಿಯರ ತಪ್ಪಿಲ್ಲವೆಂದು ಮೇಲ್ವಿಚಾರಕಿಗೆ ಕಾಗದ ಹೋಗಬೇಕು ಎಂದು ಸೇರಿಸಿದೆ. ಹೂವಿನ ಅಂಗಡಿಯನ್ನು ಎಚ್ಚರಿಸಲು ಹೇಳಿದೆ. ಟಿಫಿನ್ ಡಬ್ಬಿಯ ಏಳು ಬೊಟ್ಟು ಇನ್ನೂ ತಳದ ಖಾನೆಯಲ್ಲೇ ಇದ್ದವು. ಆಮ್ಲದ ತೊಟ್ಟಿಯವರೆಗೆ ಮೂರು ದಿನ ಹೋಗಿ ಮೂರು ದಿನವೂ ತಿರುಗಿ ಬಂದಿದ್ದೆ. ಅವನ್ನೂ ವರದಿಯ ಜೊತೆ ನಿರ್ದೇಶಕರ ಮೇಜಿನ ಮೇಲಿಟ್ಟೆ. ಅವರು ಓದಿ ಕನ್ನಡಕ ತೆಗೆದರು. "ವ್ಯಾನಿಗೆ ಹೇಳ್ತೀನಿ. ನೀವು ಮನೆಗೆ ಹೋಗಿ," ಎಂದರು. ನಾಳೆ ಬನ್ನಿ ಎನ್ನಲಿಲ್ಲ.

ನಾನು ವ್ಯಾನಿನಲ್ಲೇ ಬಂದೆ. ನಾಲ್ಕು ಗಂಟೆ, ಶಾಲೆಯ ಮಕ್ಕಳು ಬರುವ ಹೊತ್ತು, ಬೀದಿ ತುಂಬಿತ್ತು. ಬೀದಿಯ ಬಾಯಲ್ಲಿ ಒಬ್ಬ ಏಣಿ ಹಾಕಿ ಫಲಕ ಬದಲಿಸುತ್ತಿದ್ದ. ಮಂಟಸ್ವಾಮಿ ಕೆಳಗೆ ಏಣಿ ಹಿಡಿದಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಲಿಲ್ಲ, ತಲೆಯಾಡಿಸಲೂ ಇಲ್ಲ. ಧ್ವನಿವರ್ಧಕ ಗರಗರ ಎಂದು ಶುರುವಾಯಿತು. ಪರದೆಗಳು ಅಲುಗಿದವು. ಆಮೇಲೆ ಪರದೆಗಳೇ ಸರಿದು ಮುಖಗಳು ಬಂದವು, ಮಹಡಿಗಳಲ್ಲಿ ಜನ ನಿಂತರು.

"ಯಾವ ಮನೆಯಿಂದ ಶುರು ಮಾಡೋಣ ಮೇಡಂ?" ಎಂದು ನರ್ಸ್ ಕೇಳಿದಳು.

"ಇದರಿಂದ," ಎಂದೆ. "ಇದು ನಮ್ಮನೆ."

ಅಕ್ಕ ಗದ್ದಲಕ್ಕೆ ಹೊರಗೆ ಬಂದಿದ್ದಳು. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಬಿಳಿ ವ್ಯಾನನ್ನು ನೋಡಿದಳು, ಬೀದಿಯ ತುಂಬ ನಿಂತವರನ್ನು ನೋಡಿದಳು, ಮಹಡಿಗಳನ್ನು ನೋಡಿದಳು. ಆಮೇಲೆ ಬೆಕ್ಕಿನ ಬಗ್ಗೆ ಕೇಳಿದ್ದ ಅದೇ ದನಿಯಲ್ಲಿ, ನನಗೆ ಮಾತ್ರ ಕೇಳುವ ಹಾಗೆ, ಕೇಳಿದಳು.

"ಇಂಚರಾ, ಇವರೆಲ್ಲ ನಿಜವಾಗ್ಲೂ ಬಂದಿದಾರೇನೇ? ಇಲ್ಲಾ ನನಗೊಬ್ಬಳಿಗೇ ಕಾಣಿಸ್ತಿದಾರಾ?"

ನಾನು ಮೆಟ್ಟಿಲು ಹತ್ತಿ ಅವಳ ಕೈ ಹಿಡಿದುಕೊಂಡೆ.

"ನಿಜ ಅಕ್ಕ," ಎಂದೆ. "ಎಲ್ಲರಿಗೂ ಕಾಣಿಸ್ತಿದೆ."